ಮೂರೆಳೆಯ ಹಗ್ಗ ಕಂಡ ರಾಮಚಂದ್ರನ್

ಅಪ್ಪನಿಗೆ ಹಾರ್ಟ್ ಅಟ್ಯಾಕ್ ಆದ ಮೇಲೆ, ಸತ್ತ ಸ್ನಾಯುವಿನ ಜಾಗದಲ್ಲಿ ಕೊಲಾಜೆನ್ ತುಂಬಿ ಕಲೆಗಟ್ಟಿದೆ ಎಂದರು ಡಾಕ್ಟರು. ಆ ಕಲೆ ಹೃದಯ ಒಡೆಯದಂತೆ ಕಾಯುತ್ತದೆ, ಆದರೆ ಮಿಡಿಯುವುದಿಲ್ಲ. ಕೊಲಾಜೆನ್ ಬಗ್ಗೆ ಓದುತ್ತಾ ಹೋದಾಗ ಸಿಕ್ಕವರು ಜಿ.ಎನ್. ರಾಮಚಂದ್ರನ್.

1922ರಲ್ಲಿ ಎರ್ನಾಕುಲಂನಲ್ಲಿ ಹುಟ್ಟಿದ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ 1942ರಲ್ಲಿ ಸೇರಿದ್ದು ನನ್ನಂತೆಯೇ ಎಲೆಕ್ಟ್ರಿಕಲ್ ಎಂಜಿನಿಯರಿಂಗ್‌ಗೆ! ಅವರನ್ನು ಭೌತವಿಜ್ಞಾನಕ್ಕೆ ಸೆಳೆದವರು ಸಿ.ವಿ. ರಾಮನ್. 1954ರಲ್ಲಿ ಮದ್ರಾಸಿನಲ್ಲಿ, ಗೋಪಿನಾಥ್ ಕರ್ತಾ ಜೊತೆ ಕಾಂಗರೂ ಬಾಲದ ಕೊಲಾಜೆನ್‌ಗೆ ಎಕ್ಸ್-ರೇ ಹಾಯಿಸಿ, ಅದು ಮೂರು ಎಳೆ ಹೊಸೆದ ಹಗ್ಗದಂತಿದೆ ಎಂದು ತೋರಿಸಿದರು. 1971ರಲ್ಲಿ ಬೆಂಗಳೂರಿನಲ್ಲೇ ಮಾಲಿಕ್ಯುಲರ್ ಬಯೋಫಿಸಿಕ್ಸ್ ಘಟಕ ಕಟ್ಟಿದರು, 2001ರಲ್ಲಿ ತೀರಿಕೊಂಡರು.

ತಪ್ಪು ಬ್ರಾಂಚ್ ಸೇರಿದೆನೆಂದು ಕೊರಗುತ್ತಿದ್ದೆ. ಈಗ ಬಯೋಮೆಡಿಕಲ್ ಇಲೆಕ್ಟಿವ್ ಆಯ್ದುಕೊಂಡಿದ್ದೇನೆ. ಅಪ್ಪನ ಎದೆಯ ಆ ಕಲೆಯ ಬಗ್ಗೆ ಇನ್ನೂ ಓದುವುದಿದೆ.