ಚಿತ್ರತಪಸ್ವಿ ಕೆ. ವೆಂಕಟಪ್ಪನವರು

ಕಣ್ಣುಳ್ಳವರೆಲ್ಲರೂ ನೋಡುವರು, ಕಾಣುವವರು ಕೆಲವರೇ. ಉದಯೋನ್ಮುಖ ಕಲಾವಿದನೊಬ್ಬನ ಕಲ್ಪನಾಚಿತ್ರದ ಮುಂದೆ ನಿಂತು, ‘ಇದು ಯಾವುದರಂತಿದೆ?’ ಎಂದಷ್ಟೇ ಕೇಳಿ ಮುಂದೆ ಸಾಗುವುದು ನೋಟವಾದೀತೇ ಹೊರತು ರಸಾಸ್ವಾದವಾಗಲಾರದು. ಕಲ್ಪನೆಗೂ ನೋಟಕ್ಕೂ ಇರುವ ನಂಟನ್ನು ತಮ್ಮ ಬದುಕಿನಿಂದಲೇ ತೋರಿಕೊಟ್ಟವರು ಕನ್ನಡ ನಾಡಿನ ಹಿರಿಯ ಚಿತ್ರಕಾರರಾದ ಕೆ. ವೆಂಕಟಪ್ಪನವರು.

1886ರಲ್ಲಿ ಮೈಸೂರಿನಲ್ಲಿ, ಪರಂಪರಾಗತವಾಗಿ ಚಿತ್ರವೃತ್ತಿಯನ್ನೇ ನಡೆಸಿಕೊಂಡು ಬಂದ ಮನೆತನದಲ್ಲಿ ಅವರು ಜನಿಸಿದರು. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯವು ಈ ಪ್ರತಿಭೆಗೆ ನೀರೆರೆಯಿತು. 1909ರಲ್ಲಿ ಅವರು ಕಲ್ಕತ್ತೆಯ ಸರಕಾರಿ ಕಲಾಶಾಲೆಯನ್ನು ಸೇರಿ ಅವನೀಂದ್ರನಾಥ ಠಾಕೂರರ ಶಿಷ್ಯರಾದರು. ನಂದಲಾಲ ಬಸು ಅವರ ಸಹಪಾಠಿಗಳಾಗಿದ್ದರು. ಪಾಶ್ಚಾತ್ಯ ತೈಲಚಿತ್ರಗಳ ಅನುಕರಣವನ್ನು ಬಿಟ್ಟು ಅಜಂತೆಯ ಭಿತ್ತಿಚಿತ್ರಗಳಲ್ಲಿಯೂ ಮೊಗಲ, ರಾಜಪೂತ ಕಿರುಚಿತ್ರಗಳಲ್ಲಿಯೂ ತನ್ನ ಬೇರನ್ನು ಹುಡುಕುತ್ತಿದ್ದ ಕಾಲವದು. ಸೋದರಿ ನಿವೇದಿತೆ ಹಾಗೂ ಆನಂದ ಕುಮಾರಸ್ವಾಮಿಯವರು ಬರೆದು 1913ರಲ್ಲಿ ಪ್ರಕಟವಾದ ಪುರಾಣಕಥೆಗಳ ಗ್ರಂಥದಲ್ಲಿ ವೆಂಕಟಪ್ಪನವರ ರಾಮಾಯಣ ಚಿತ್ರಗಳು ಬೆಳಕು ಕಂಡವು.

ಗುರುಗಳು ಭಾರತೀಯ ಅಂಗವಿನ್ಯಾಸವನ್ನು ಕುರಿತು ಬರೆದ ಕಿರುಹೊತ್ತಗೆಗೂ ನಂದಲಾಲರೊಡನೆ ವೆಂಕಟಪ್ಪನವರು ಚಿತ್ರಗಳನ್ನು ರಚಿಸಿದರು. ಮೀನಿನಂಥ ಕಣ್ಣು, ಎಳ್ಳುಹೂವಿನಂಥ ಮೂಗು, ಎಳೆಬಾಳೆಯ ದಿಂಡಿನಂಥ ತೋಳು ಎಂದು ಕವಿಗಳು ನುಡಿದ ಉಪಮೆಗಳೇ ಅಲ್ಲಿ ರೇಖೆಗಳಾದವು. ಕಾವ್ಯವನ್ನೋದುವಾಗ ಉಪಮೆಯನ್ನು ಒಪ್ಪುವ ನಾವು ಚಿತ್ರದಲ್ಲಿ ಅದನ್ನು ಕಂಡಾಗ ಅಸಹಜವೆಂದು ಹುಬ್ಬುಗಂಟಿಕ್ಕುವುದು ನ್ಯಾಯವಲ್ಲ. ಮೀನಿನ ಬಳುಕನ್ನು ಚೆನ್ನಾಗಿ ಕಂಡವನಲ್ಲದೆ ಮೀನಗಣ್ಣನ್ನು ಬರೆಯಲಾರನು. ಕಲ್ಪನೆಯು ಲೋಕದಿಂದ ಓಡಿಹೋಗುವುದಲ್ಲ. ಲೋಕವನ್ನು ಹತ್ತಿರದಿಂದ ಕಂಡದ್ದರ ಫಲವದು.

ಮೈಸೂರಿಗೆ ಮರಳಿದ ಮೇಲೆ ವೀಣೆಯ ಶೇಷಣ್ಣನವರಲ್ಲಿ ವೀಣಾಭ್ಯಾಸ ಮಾಡಿದರು. ಆ ನಾದದ ಹುಚ್ಚನ್ನೇ ವಸ್ತುವಾಗಿಸಿ ಚಿತ್ರವೊಂದನ್ನು ಬರೆದರು. ಸಂಸಾರಬಂಧನಕ್ಕೆ ಸಿಲುಕದೆ ಬ್ರಹ್ಮಚಾರಿಯಾಗಿಯೇ ಉಳಿದು, ದಿನಚರಿಯಲ್ಲಿ ತಮ್ಮ ದಿನಗಳ ಲೆಕ್ಕವನ್ನು ಬರೆದಿಟ್ಟು, ನೇಮನಿಷ್ಠೆಯಿಂದ ಬಾಳಿದರು.

ಪುರಾಣಲೋಕದಲ್ಲಿ ವಿಹರಿಸಿದ ಅದೇ ಕುಂಚವು ಮುಂದೆ ಉದಕಮಂಡಲ, ಕೊಡೈಕೆನಾಲುಗಳ ಗಿರಿಶಿಖರಗಳನ್ನೇರಿತು. ಬೆಳುದಿಂಗಳಲ್ಲಿ ತೋಯ್ದ ಉದಕಮಂಡಲ, ಒಡೆಯುತ್ತಿರುವ ಮುಂಗಾರು ಮೋಡ, ಕೆರೆಯ ಮೇಲಣ ಮಂಜು ಇವೆಲ್ಲವೂ ಜಲವರ್ಣದಲ್ಲಿ ಮೂಡಿದವು. ಕಣ್ಣೆದುರಿನ ಬೆಟ್ಟವನ್ನು ಬರೆದರೂ ಅದು ಬರಿಯ ಪ್ರತಿಬಿಂಬವಾಗಲಿಲ್ಲ, ಧ್ಯಾನದಂತೆ ಶಾಂತವಾಯಿತು.

ಅರಮನೆಗಾಗಿ ಗಾರೆಯ ಉಬ್ಬುಶಿಲ್ಪಗಳನ್ನೂ ಅವರು ರಚಿಸಿದರು. 1940ರಲ್ಲಿ ನಾಲ್ವಡಿಯವರು ದಿವಂಗತರಾದ ಬಳಿಕ ಆ ಕಾರ್ಯವು ನಿಂತುಹೋಯಿತು. ವಿವಾದವು ನ್ಯಾಯಾಲಯದ ಮೆಟ್ಟಿಲನ್ನೂ ಏರಿತು. ಆಶ್ರಯಕ್ಕೆ ಕೃತಜ್ಞರಾಗಿದ್ದರೂ ಕಲಾವಿದನ ಶ್ರಮದ ಹಕ್ಕನ್ನು ಬಿಟ್ಟುಕೊಡಲು ಅವರು ಸಿದ್ಧರಿರಲಿಲ್ಲ. ಆ ಸ್ವಾಭಿಮಾನಕ್ಕೆ ಏಕಾಂತವೇ ಬೆಲೆಯಾಯಿತು. ಬೆಂಗಳೂರಿನಲ್ಲಿ ನೆಲೆಸಿ 1965ರಲ್ಲಿ ಇಹಲೋಕವನ್ನು ತ್ಯಜಿಸಿದರು.

ಮರಣಾನಂತರ ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ಅವರ ಹೆಸರಿನ ಸರಕಾರಿ ಚಿತ್ರಶಾಲೆ ತಲೆಯೆತ್ತಿತು. ಅವರ ಕೃತಿಗಳಿಗೆ ನೆಲೆಯಾದ ಆ ಕಟ್ಟಡವೇ ದಶಕಗಳ ಕಾಲ ನೂರಾರು ಹೊಸ ಕಲಾವಿದರಿಗೆ, ಸಿರಿವಂತರ ಹಂಗಿಲ್ಲದೆ, ಅಲ್ಪ ಬಾಡಿಗೆಯಲ್ಲಿ ತಮ್ಮ ಚಿತ್ರಗಳನ್ನು ತೂಗುಹಾಕಲು ಗೋಡೆಯನ್ನು ಕೊಟ್ಟಿತು. ಅದರ ನಿರ್ವಹಣೆಯನ್ನು ಖಾಸಗಿಯವರಿಗೆ ಒಪ್ಪಿಸುವ ಪ್ರಸ್ತಾಪ ಬಂದಾಗ, 2016ರಲ್ಲಿ ಕಲಾವಿದರು ಒಗ್ಗೂಡಿ ಪ್ರತಿಭಟಿಸಿದುದು ಆ ಗೋಡೆಯ ಬೆಲೆಯನ್ನು ಅರಿತುದರಿಂದಲೇ.

ದೂರದ ರಾಜಧಾನಿಯ ಈ ಮಾತು ನಮ್ಮ ಸೀಮೆಗೂ ಸಲ್ಲುವಂಥದು. ಹಾವೇರಿಯ ಪುರಸಿದ್ಧೇಶ್ವರ ದೇಗುಲದ ಕಲ್ಲುಗಳಲ್ಲಿ ಕಲ್ಪನೆ ಕೆತ್ತನೆಯಾಗಿ ನಿಂತಿದೆ. ರಾಣೆಬೆನ್ನೂರಿನ ಕೃಷ್ಣಮೃಗದ ನೆಗೆತದಲ್ಲಿ ರೇಖೆಯಿದೆ. ಖಾರಕ್ಕಿಂತ ಬಣ್ಣಕ್ಕೇ ಹೆಸರಾದ ಬ್ಯಾಡಗಿಯ ಮೆಣಸಿನಕಾಯಿಯ ರಾಶಿಯಲ್ಲಿ ಯಾವ ವರ್ಣಫಲಕಕ್ಕೂ ದಕ್ಕದ ಕೆಂಪಿದೆ. ಇವನ್ನು ಕಂಡು ಬೆಳೆದ ಹುಡುಗನೊಬ್ಬನು ನಾಳೆ ಜಿಂಕೆಗೆ ಮೆಣಸಿನ ಕೆಂಪನ್ನು ಬಳಿದು ತಂದರೆ, ಜಿಂಕೆ ಕೆಂಪಗಿರುವುದೇ ಎಂದು ಗದರಿಸುವ ಮುನ್ನ ಗುರುವಾದವನು ಕ್ಷಣಕಾಲ ನಿಂತು ನೋಡಲಿ. ಮಕ್ಕಳ ಚಿತ್ರಗಳಿಗೆ ಪ್ರತಿ ಶಾಲೆಯಲ್ಲಿಯೂ ಒಂದು ಗೋಡೆ ಮೀಸಲಾಗಲಿ. ದಾನಿಗಳ ಔದಾರ್ಯ ಅತ್ತ ಹರಿಯಲಿ. ವೆಂಕಟಪ್ಪನವರಂಥ ತಪಸ್ವಿಗಳ ಸ್ಮರಣೆಗೆ ಇದಕ್ಕಿಂತ ಮಿಗಿಲಾದ ಪೂಜೆ ಬೇರೊಂದಿಲ್ಲ.