46 ಮತಗಳಿಂದ ಗೆದ್ದ ಈಡಿತ್ ಕೌವನ್

1921ನೇ ಇಸವಿ ಮಾರ್ಚ್ 12ರಂದು ಪಶ್ಚಿಮ ಆಸ್ಟ್ರೇಲಿಯಾ ರಾಜ್ಯದ ವಿಧಾನಸಭೆಗೆ ಚುನಾವಣೆ ನಡೆಯಿತು. ರಾಜಧಾನಿ ಪರ್ತ್ ನಗರಕ್ಕೆ ತಾಗಿಕೊಂಡಿರುವ ವೆಸ್ಟ್ ಪರ್ತ್ ಎಂಬ ಕ್ಷೇತ್ರದಲ್ಲಿ ಥಾಮಸ್ ಡ್ರೇಪರ್ ಎಂಬವರು ಪುನಃ ಸ್ಪರ್ಧಿಸಿದ್ದರು. ಅವರು ಹೆಸರಾಂತ ವಕೀಲರು, ಸರಕಾರದಲ್ಲಿ ಅಟಾರ್ನಿ ಜನರಲ್, ಅದೇ ಕ್ಷೇತ್ರದಿಂದ ಹಿಂದೆಯೂ ಗೆದ್ದು ಬಂದವರು. ಮತ ಎಣಿಸಿ ನೋಡುವಾಗ ಅವರು 46 ಮತಗಳಿಂದ ಸೋತಿದ್ದರು. ಸೋಲಿಸಿದವರು 59 ವರ್ಷ ವಯಸ್ಸಿನ, ಐದು ಮಕ್ಕಳ ತಾಯಿಯಾದ ಒಬ್ಬ ಮಹಿಳೆ. ಹೆಂಗಸರೂ ಶಾಸನಸಭೆಗೆ ಸ್ಪರ್ಧಿಸಬಹುದೆಂಬ ಮಸೂದೆಯನ್ನು ಅದರ ಹಿಂದಿನ ವರ್ಷವಷ್ಟೇ ಸಭೆಯ ಮುಂದಿಟ್ಟವರು ಇದೇ ಡ್ರೇಪರ್! ತಾವು ತೆರೆದ ಬಾಗಿಲಿನಿಂದ ಒಳಗೆ ಬಂದವರಿಗೆ ತಾವೇ ಪೀಠ ಬಿಟ್ಟುಕೊಡಬೇಕಾಯಿತು.

ಆ ಮಹಿಳೆಯ ಹೆಸರು ಈಡಿತ್ ಕೌವನ್. ಆಸ್ಟ್ರೇಲಿಯಾದ ಯಾವುದೇ ಶಾಸನಸಭೆಗೆ ಚುನಾಯಿತರಾದ ಮೊತ್ತಮೊದಲ ಮಹಿಳೆ ಇವರು. ಸಭೆಯಲ್ಲಿ ಇದ್ದದ್ದು ಒಂದೇ ಒಂದು ಅವಧಿ, ಮೂರು ವರ್ಷ. ಆಮೇಲೆ ಅದೇ ಕ್ಷೇತ್ರದ ಜನ ಎರಡು ಸಲ ಅವರನ್ನು ಬೇಡವೆಂದರು. ಆದರೂ ಇಂದು ಆ ದೇಶದ 50 ಡಾಲರಿನ ನೋಟಿನ ಮೇಲೆ ಇರುವುದು ಗೆದ್ದವರ ಮುಖವಲ್ಲ, ಸೋತ ಈಡಿತರ ಮುಖ.

ಈಡಿತ್ ಹುಟ್ಟಿದ್ದು 1861ರ ಆಗಸ್ಟ್ 2ರಂದು, ಪರ್ತ್‌ನಿಂದ ಬಹು ದೂರ ಉತ್ತರಕ್ಕೆ, ಜೆರಾಲ್ಡ್‌ಟನ್ ಪೇಟೆಯ ಸಮೀಪದ ಗ್ಲೆಂಗ್ಯಾರಿ ಎಂಬ ಜಾನುವಾರು ಸಾಕಣೆಯ ಎಸ್ಟೇಟಿನಲ್ಲಿ. ತಂದೆ ಕೆನ್ನೆತ್ ಬ್ರೌನ್ ಅನುಕೂಲಸ್ಥರು. ತಾಯಿಯ ತಂದೆ ಆ ವಸಾಹತಿನ ಪಾದ್ರಿ. ಇಷ್ಟು ಕೇಳಿದರೆ ಯಾವ ಕೊರತೆಯೂ ಇಲ್ಲದ ಬಾಲ್ಯವೆಂದು ತೋರೀತು. ಹಾಗಾಗಲಿಲ್ಲ. 1868ರಲ್ಲಿ ತಾಯಿ ಹೆರಿಗೆಯಲ್ಲಿ ತೀರಿಕೊಂಡರು. ಏಳು ವರ್ಷದ ಹುಡುಗಿಯನ್ನು ಪರ್ತ್‌ನಲ್ಲಿ ಕೌವನ್ ಸೋದರಿಯರು ನಡೆಸುತ್ತಿದ್ದ ವಸತಿ ಶಾಲೆಗೆ ಕಳುಹಿಸಲಾಯಿತು. ತಂದೆ ಮರುಮದುವೆಯಾದರು, ಕುಡಿತಕ್ಕೆ ಬಿದ್ದರು. 1876ರ ಜನವರಿಯಲ್ಲಿ ಎರಡನೆಯ ಹೆಂಡತಿಯನ್ನು ಗುಂಡಿಟ್ಟು ಕೊಂದರು. ಎರಡು ಸಲದ ವಿಚಾರಣೆಯಲ್ಲಿ ಜ್ಯೂರಿಗಳು ಒಮ್ಮತಕ್ಕೆ ಬರಲಿಲ್ಲ. ಮೂರನೆಯ ಸಲ ಶಿಕ್ಷೆಯಾಯಿತು. ಅದೇ ವರ್ಷ ಜೂನ್ ತಿಂಗಳಲ್ಲಿ ಅವರನ್ನು ಗಲ್ಲಿಗೇರಿಸಿದರು.

ಈಡಿತ್‌ಗೆ ಆಗ ಇನ್ನೂ 15 ತುಂಬಿರಲಿಲ್ಲ. ಪತ್ರಿಕೆಗಳಲ್ಲಿ ತಂದೆಯ ಹೆಸರು, ಜನರ ಬಾಯಲ್ಲಿ ಮನೆತನದ ಮಾತು. ಚಿಕ್ಕ ವಸಾಹತು ಅದು. ಎಲ್ಲರಿಗೂ ಎಲ್ಲರ ಪರಿಚಯ. ಹುಡುಗಿ ಗಿಲ್ಡ್‌ಫರ್ಡ್‌ನಲ್ಲಿದ್ದ ಅಜ್ಜಿಯ ಮನೆ ಸೇರಿದಳು. ಅಲ್ಲಿನ ಶಾಲೆಯೊಂದರಲ್ಲಿ ಓದು ಮುಂದುವರಿಸಿದಳು, ಪುಸ್ತಕಗಳನ್ನು ಹಚ್ಚಿಕೊಂಡಳು. ಈ ಘಟನೆಯ ಬಗ್ಗೆ ಹೆಚ್ಚು ವಿವರಿಸುವುದು ನನಗೆ ಹಿತವೆನಿಸುವುದಿಲ್ಲ. ಆದರೆ ಇದನ್ನು ಬಿಟ್ಟರೆ ಮುಂದಿನದು ಅರ್ಥವಾಗುವುದಿಲ್ಲ. ಹೆರಿಗೆಯಲ್ಲಿ ಸಾಯುವ ತಾಯಂದಿರು, ಕುಡುಕರ ಮನೆಯ ಹೆಂಗಸರು, ದೊಡ್ಡವರ ತಪ್ಪಿಗೆ ದಿಕ್ಕೆಡುವ ಮಕ್ಕಳು, ಇವರಿಗಾಗಿಯೇ ಆಕೆ ಮುಂದೆ ಹಲವು ವರ್ಷ ದುಡಿದರು. ಪುಸ್ತಕ ಓದಿ ಹುಟ್ಟಿದ ಕನಿಕರವಲ್ಲ ಅದು.

1879ರಲ್ಲಿ, 18ನೆಯ ವಯಸ್ಸಿನಲ್ಲಿ, ತನಗೆ ಪಾಠ ಹೇಳಿದ ಆ ಸೋದರಿಯರ ತಮ್ಮ ಜೇಮ್ಸ್ ಕೌವನ್ ಅವರೊಡನೆ ಮದುವೆಯಾಯಿತು. ಜೇಮ್ಸ್ ಸುಪ್ರೀಂ ಕೋರ್ಟಿನ ರಿಜಿಸ್ಟ್ರಾರ್, 1890ರಿಂದ ಪರ್ತ್‌ನ ಪೊಲೀಸ್ ಮ್ಯಾಜಿಸ್ಟ್ರೇಟ್. ನಾಲ್ವರು ಹೆಣ್ಣುಮಕ್ಕಳು, ಒಬ್ಬ ಮಗ. ನಗರದ ಕಳ್ಳತನ, ಜಗಳ, ಬಿಟ್ಟು ಹೋದ ಗಂಡಂದಿರು, ಬೀದಿಗೆ ಬಿದ್ದ ಹುಡುಗಿಯರು, ಇವೆಲ್ಲ ದಿನವೂ ಗಂಡನ ಕಚೇರಿಗೆ ಬರುತ್ತಿದ್ದ ಮೊಕದ್ದಮೆಗಳು. ನಗರದ ಈ ಇನ್ನೊಂದು ಮುಖ ಈಡಿತ್‌ಗೆ ಪರಿಚಯವಾದದ್ದು ಗಂಡನ ಕೆಲಸದ ಮೂಲಕ.

1894ರಲ್ಲಿ ಪರ್ತ್‌ನ ಕೆಲವು ಮಹಿಳೆಯರು ಸೇರಿ ಕರಕಟ್ಟ ಕ್ಲಬ್ ಎಂಬ ಕೂಟ ಕಟ್ಟಿದರು. ಈಡಿತ್ ಅದರ ಮೊದಲ ಕಾರ್ಯದರ್ಶಿ. ಓದುವುದು, ಓದಿದ್ದನ್ನು ಚರ್ಚಿಸುವುದು, ಎದ್ದು ನಿಂತು ಮಾತಾಡಲು ಕಲಿಯುವುದು ಅಲ್ಲಿನ ಕೆಲಸ. ಕೇಳಲು ಸಣ್ಣದೇ. ಆದರೆ ಸಭೆಯಲ್ಲಿ ಬಾಯಿ ಬಿಟ್ಟು ಅಭ್ಯಾಸವಿಲ್ಲದವರಿಗೆ ಇದೇ ಪಾಠಶಾಲೆಯಾಯಿತು. 1906ರಲ್ಲಿ ಮಕ್ಕಳ ರಕ್ಷಣಾ ಸಂಘ ಹುಟ್ಟಿತು. ಅದರ ಒತ್ತಾಯದ ಫಲವಾಗಿ 1907ರಲ್ಲಿ ಬಂದ ಕಾಯಿದೆಯಿಂದ, ತಪ್ಪು ಮಾಡಿದ ಮಕ್ಕಳನ್ನು ದೊಡ್ಡವರ ಕೋರ್ಟಿನಲ್ಲಿ ನಿಲ್ಲಿಸುವುದು ತಪ್ಪಿ ಬೇರೆಯೇ ನ್ಯಾಯಾಲಯವಾಯಿತು. 1915ರಲ್ಲಿ ಈಡಿತ್ ಆ ನ್ಯಾಯಾಲಯದ ಪೀಠಕ್ಕೆ ನೇಮಕವಾದರು. ಹೆಂಗಸರಿಗಾಗಿಯೇ ಒಂದು ಹೆರಿಗೆ ಆಸ್ಪತ್ರೆ ಬೇಕೆಂದು ವರ್ಷಗಟ್ಟಲೆ ಹೋರಾಡಿದವರಲ್ಲಿ ಆಕೆಯೂ ಒಬ್ಬರು. 1916ರಲ್ಲಿ ಕಿಂಗ್ ಎಡ್ವರ್ಡ್ ಸ್ಮಾರಕ ಆಸ್ಪತ್ರೆ ತೆರೆಯಿತು. ಯುದ್ಧಕಾಲದ ರೆಡ್ ಕ್ರಾಸ್ ಸೇವೆಗಾಗಿ 1920ರಲ್ಲಿ ಓ.ಬಿ.ಇ. ಬಿರುದು ಬಂತು.

ಇನ್ನು ಆ ಕ್ಷೇತ್ರದ ಬಗ್ಗೆ ಒಂದಿಷ್ಟು. ಪಶ್ಚಿಮ ಆಸ್ಟ್ರೇಲಿಯಾಕ್ಕೆ ಸ್ವಂತ ಜವಾಬ್ದಾರಿ ಸರಕಾರ ಬಂದ 1890ರಲ್ಲೇ ವೆಸ್ಟ್ ಪರ್ತ್ ಕ್ಷೇತ್ರವೂ ಹುಟ್ಟಿತು. ಕಿಂಗ್ಸ್ ಪಾರ್ಕ್ ಎಂಬ ವಿಶಾಲ ಉದ್ಯಾನ, ಸ್ವಾನ್ ನದಿಯತ್ತ ಇಳಿಯುವ ದಿಣ್ಣೆ, ಅನುಕೂಲಸ್ಥರ ಮನೆಗಳು, ಇದು ಅದರ ಚಿತ್ರ. 1904ರಿಂದ ಪಾರ್ಲಿಮೆಂಟಿನ ಕಟ್ಟಡವೂ ಅಲ್ಲಿಯೇ. ಈಡಿತರ ಮನೆಯಿದ್ದ ಮಾಲ್ಕಂ ಬೀದಿ ಆ ಕಟ್ಟಡದ ಬುಡಕ್ಕೇ ಹೋಗಿ ಮುಟ್ಟುತ್ತದೆ. ವೆಸ್ಟ್ ಪರ್ತ್ ವಕೀಲರನ್ನು ಕಳುಹಿಸಿದ ಕ್ಷೇತ್ರ. ಡ್ರೇಪರ್, ಆಮೇಲೆ ಥಾಮಸ್ ಡೇವಿ, ಆಮೇಲೆ ರಾಸ್ ಮೆಕ್‌ಡೊನಾಲ್ಡ್, ಮೂವರೂ ವಕೀಲರು, ಮೂವರೂ ಒಂದಲ್ಲ ಒಂದು ಕಾಲದಲ್ಲಿ ಅಟಾರ್ನಿ ಜನರಲ್ ಆದವರು. ಇವರ ನಡುವೆ ಬಂದವರು ಮ್ಯಾಜಿಸ್ಟ್ರೇಟರ ಹೆಂಡತಿ.

ಮತದಾನದ ಹಕ್ಕಿನ ಪಾಠ ಮಾಡುವಾಗ ಮಕ್ಕಳು ಕೇಳುವುದುಂಟು, ಓಟು ಕೊಡುವ ಹಕ್ಕು ಬಂದ ಮೇಲೆ ನಿಲ್ಲುವ ಹಕ್ಕೂ ತಾನಾಗಿ ಬರುವುದಿಲ್ಲವೇ ಎಂದು. ಬರುವುದಿಲ್ಲ. ಪಶ್ಚಿಮ ಆಸ್ಟ್ರೇಲಿಯಾದ ಹೆಂಗಸರಿಗೆ ಓಟು ಸಿಕ್ಕಿದ್ದು 1899ರಲ್ಲಿ, ಸ್ಪರ್ಧಿಸುವ ಹಕ್ಕು 1920ರಲ್ಲಿ. ನಡುವೆ 21 ವರ್ಷ! ಮತ್ತು ಆ 1899ರ ಕಾಯಿದೆಯಲ್ಲಿ ಇನ್ನೊಂದು ಬಾಗಿಲು ಭದ್ರವಾಗಿ ಮುಚ್ಚಿಯೇ ಇತ್ತು. ಆ ನೆಲದ ಮೂಲನಿವಾಸಿಗಳಿಗೂ, ಏಷ್ಯಾ ಆಫ್ರಿಕಾಗಳಿಂದ ಹೋದವರಿಗೂ ಸ್ವಂತ ಭೂಮಿಯ ಅರ್ಹತೆಯಿಲ್ಲದಿದ್ದರೆ ಓಟಿರಲಿಲ್ಲ. ಮೂಲನಿವಾಸಿಗಳು ಆ ರಾಜ್ಯದ ಚುನಾವಣೆಯಲ್ಲಿ ಓಟಿನ ಹಕ್ಕಿಗಾಗಿ 1962ರ ತನಕ ಕಾಯಬೇಕಾಯಿತು. ಈಡಿತರ ಗೆಲುವನ್ನು ಕೊಂಡಾಡುವಾಗ ಇದನ್ನು ಮರೆಯಬಾರದು.

ನಮ್ಮ ಕಡೆಯಲ್ಲೂ ಇದೇ ಕಥೆ. ಕಾಸರಗೋಡು ಆಗ ದಕ್ಷಿಣ ಕನ್ನಡ ಜಿಲ್ಲೆಯೊಳಗಿನ ತಾಲೂಕು, ಜಿಲ್ಲೆ ಮದ್ರಾಸು ಪ್ರಾಂತಕ್ಕೆ ಸೇರಿದ್ದು. ಆ ಪ್ರಾಂತದ ಹೆಂಗಸರಿಗೆ ಓಟು ಬಂದದ್ದು ಈಡಿತ್ ಗೆದ್ದ 1921ರಲ್ಲೇ, ಅದೂ ಆಸ್ತಿ ತೆರಿಗೆಗಳ ಅರ್ಹತೆ ಇದ್ದವರಿಗೆ. ಸ್ಪರ್ಧಿಸಲು ಇದ್ದ ಅಡ್ಡಿ ನಿವಾರಣೆಯಾದದ್ದು 1926ರಲ್ಲಿ. ಅದೇ ವರ್ಷ ಮಂಗಳೂರಿನ ಮಗಳು ಕಮಲಾದೇವಿ ಚಟ್ಟೋಪಾಧ್ಯಾಯ ಚುನಾವಣೆಗೆ ನಿಂತು ಸ್ವಲ್ಪ ಮತಗಳ ಅಂತರದಲ್ಲಿ ಸೋತರು. 46 ಮತ ಆಚೆಗೋ ಈಚೆಗೋ ಎಂಬುದರ ಮೇಲೆ ಎಷ್ಟು ನಿಂತಿದೆ ನೋಡಿ.

1921ರ ಆ ಚುನಾವಣೆಯಲ್ಲಿ ಐವರು ಮಹಿಳೆಯರು ನಿಂತಿದ್ದರು. ಗೆದ್ದವರು ಈಡಿತ್ ಒಬ್ಬರೇ. ನ್ಯಾಶನಲಿಸ್ಟ್ ಪಕ್ಷದ ಒಪ್ಪಿಗೆ ಅವರಿಗಿತ್ತು. ಡ್ರೇಪರ್ ಕೂಡ ಅದೇ ಬಣದವರು. ಗಂಡ ಮಕ್ಕಳನ್ನು ಬಿಟ್ಟು ಬೀದಿಗೆ ಬಂದಾಕೆ ಎಂಬ ನಿಂದೆ ಕೇಳದೆ ಇರಲಿಲ್ಲ. ಮಕ್ಕಳೆಲ್ಲ ಆಗ ದೊಡ್ಡವರಾಗಿದ್ದರು, ಗಂಡನ ಬೆಂಬಲವೂ ಇತ್ತು.

50 ಮಂದಿಯ ಸಭೆಯಲ್ಲಿ ಒಬ್ಬಳೇ ಹೆಂಗಸು. ಜುಲೈ 28ರಂದು ಮೊದಲ ಭಾಷಣ. ಅದರಲ್ಲಿ ಅವರೆತ್ತಿದ ವಿಷಯಗಳಲ್ಲಿ ಒಂದನ್ನು ಇಲ್ಲಿ ಹೇಳಲೇಬೇಕು. ಉಪನಗರದ ರೈಲುಗಳಲ್ಲಿ ಕೂಸಿನ ತಳ್ಳುಗಾಡಿಗೆ ಒಂದು ಶಿಲಿಂಗ್ ಬಾಡಿಗೆ ಕೊಡಬೇಕಿತ್ತು. ಬಡ ತಾಯಿ ಅಷ್ಟು ಕೊಡಲಾರದೆ ಗಾಡಿಯನ್ನು ಮನೆಯಲ್ಲೇ ಬಿಟ್ಟು, ಒಂದು ತೋಳಿನಲ್ಲಿ ಮಗು, ಇನ್ನೊಂದರಲ್ಲಿ ಸಾಮಾನು ಹೊತ್ತು ಪೇಟೆ ಸುತ್ತಬೇಕು. ರೈಲ್ವೆ ಮಂತ್ರಿಗಳು ಒಂದು ದಿನ ಹಾಗೆ ನಡೆದು ನೋಡಲಿ ಎಂಬ ಅರ್ಥದಲ್ಲಿ ಈಡಿತ್ ಮಾತಾಡಿದರು. ಸಭೆಯಲ್ಲಿ ಅದುವರೆಗೆ ರೈಲಿನ ಬಗ್ಗೆ ಎಷ್ಟು ಚರ್ಚೆ ನಡೆದಿದ್ದೀತು! ಗೋಧಿ ಸಾಗಾಟ, ಮರ ಸಾಗಾಟ, ಹೊಸ ಹಳಿ. ಕೂಸಿನ ಗಾಡಿಯ ಬಾಡಿಗೆಯನ್ನು ವಿಷಯವೆಂದು ಎಣಿಸಲು ಅದನ್ನು ತಳ್ಳಿ ಗೊತ್ತಿದ್ದವರೇ ಬರಬೇಕಾಯಿತು.

ಖಾಸಗಿ ಸದಸ್ಯರು ತರುವ ಮಸೂದೆಗಳು ಕಾಯಿದೆಯಾಗುವುದು ಎಲ್ಲ ಶಾಸನಸಭೆಗಳಲ್ಲೂ ಅಪರೂಪ. ಈಡಿತ್ ಮೂರು ವರ್ಷದಲ್ಲಿ ಎರಡನ್ನು ಪಾಸು ಮಾಡಿಸಿದರು. 1922ರದ್ದು ಆಸ್ತಿಯ ವಿಷಯ. ಉಯಿಲು ಬರೆಯದೆ, ಸಂತಾನವೂ ಇಲ್ಲದೆ ಮಗನೋ ಮಗಳೋ ತೀರಿಕೊಂಡರೆ ವಾರಸಿನಲ್ಲಿ ತಂದೆಗೆ ಇದ್ದ ಸ್ಥಾನ ತಾಯಿಗೆ ಇರಲಿಲ್ಲ. ಹೆತ್ತವಳೂ ಸಮಾನಳೆಂದು ತಿದ್ದುಪಡಿಯಾಯಿತು. ಎರಡನೆಯದು 1923ರ ಮಹಿಳೆಯರ ಕಾನೂನು ಸ್ಥಾನಮಾನದ ಕಾಯಿದೆ. 1904ರಲ್ಲಿ ಈಡಿತ್ ಹೇನ್ಸ್ ಎಂಬ ಯುವತಿ ವಕೀಲಿ ಪರೀಕ್ಷೆಗೆ ಕೂರಲು ಕೇಳಿದಾಗ ಅಲ್ಲಿನ ಸುಪ್ರೀಂ ಕೋರ್ಟು ಒಪ್ಪಿರಲಿಲ್ಲ. ಕಾಯಿದೆಯಲ್ಲಿ ವಕೀಲನಾಗಬಲ್ಲ ವ್ಯಕ್ತಿ ಎಂದಿರುವುದು ಗಂಡಸಿಗೆ ಮಾತ್ರ ಅನ್ವಯವೆಂದು ಅರ್ಥಮಾಡಲಾಗಿತ್ತು. ಹೆಂಗಸು ವ್ಯಕ್ತಿಯಲ್ಲ! ಹೊಸ ಕಾಯಿದೆ ಆ ಗೋಡೆಯನ್ನು ಕೆಡವಿತು. ಹೆಣ್ಣೆಂಬ ಕಾರಣಕ್ಕೆ ವಕೀಲಿಯಿಂದಾಗಲಿ ಇತರ ವೃತ್ತಿಗಳಿಂದಾಗಲಿ ಯಾರನ್ನೂ ಹೊರಗಿಡುವಂತಿಲ್ಲ ಎಂದಾಯಿತು.

ಮನೆಗೆಲಸ ಮಾಡುವ ಹೆಂಡತಿಗೆ ಗಂಡನ ಸಂಪಾದನೆಯಲ್ಲಿ ಕಾನೂನು ರೀತ್ಯಾ ಪಾಲಿರಬೇಕು ಎಂದೂ ಅವರು ವಾದಿಸಿದರು. ಅದಕ್ಕೆ ಸಭೆ ಒಪ್ಪಲಿಲ್ಲ. ನೂರು ವರ್ಷ ಕಳೆದ ಮೇಲೂ ನಮ್ಮ ಸ್ಟಾಫ್ ರೂಮಿನಲ್ಲಿ ಈ ಮಾತು ಎತ್ತಿದರೆ ಎರಡು ಪಕ್ಷವಾಗುತ್ತದೆ.

ಇಷ್ಟೆಲ್ಲ ಮಾಡಿಯೂ 1924ರಲ್ಲಿ ಸೋತದ್ದೇಕೆ? ಆ ವರ್ಷ ರಾಜ್ಯದಲ್ಲಿ ಲೇಬರ್ ಪಕ್ಷ ಸರಕಾರ ರಚಿಸಿತೆಂಬುದು ನಿಜ. ಆದರೆ ವೆಸ್ಟ್ ಪರ್ತ್ ಲೇಬರಿನ ಕಡೆಗೆ ಹೋಗಲಿಲ್ಲ. ನ್ಯಾಶನಲಿಸ್ಟ್ ಕಡೆಯ ಡೇವಿಯವರನ್ನೇ ಆರಿಸಿತು. ನನಗೆ ತೋರುವಂತೆ ಕಾರಣ ಬೇರೆ. ಪಕ್ಷದ ಟಿಕೇಟಿನಿಂದ ಗೆದ್ದರೂ ಈಡಿತ್ ಪಕ್ಷ ಹೇಳಿದಂತೆಲ್ಲ ಕೈ ಎತ್ತಲಿಲ್ಲ. ತನಗೆ ಸರಿಕಂಡ ಕಡೆಗೆ ಮತ ಹಾಕಿದರು. ಪಕ್ಷದವರಿಗೆ ಆಕೆ ನಂಬಲಾಗದವರಾದರು. ಪಕ್ಷಗಳ ಹಂಗೇ ಬೇಡವೆನ್ನುತ್ತಿದ್ದ ಮಹಿಳಾ ಸಂಘಗಳಿಗೆ ಪಕ್ಷದವರಾಗಿ ಕಂಡರು. ಹೆಂಗಸರ ಓಟು ಹೆಂಗಸಿಗೇ ಎಂಬ ನಂಬಿಕೆ ಆಕೆಗಿದ್ದಿರಬಹುದು. ಅದು ಹುಸಿಯಾಯಿತು. ಎರಡು ಕಡೆಗೂ ಸಲ್ಲದೆ ನಡುವೆ ನಿಲ್ಲುವವರ ಪಾಡು ಗಡಿಯಲ್ಲಿ ಬದುಕುವ ನಮಗೆ ವಿವರಿಸಿ ಹೇಳಬೇಕಾಗಿಲ್ಲ. ವಕೀಲಿ ವೃತ್ತಿಯನ್ನು ಹೆಂಗಸರಿಗೆ ತೆರೆದ ಮರುವರ್ಷವೇ ವಕೀಲರೊಬ್ಬರ ಎದುರು ಸೋತದ್ದು ಒಂದು ವಿಚಿತ್ರ. 1927ರಲ್ಲಿ ಪುನಃ ನಿಂತರು, ಪುನಃ ಡೇವಿ ಗೆದ್ದರು. ಮೊದಲು ಸೋತಿದ್ದ ಡ್ರೇಪರ್ ಅವರೋ, 1921ರಲ್ಲೇ ಸುಪ್ರೀಂ ಕೋರ್ಟಿನ ನ್ಯಾಯಾಧೀಶರಾಗಿ 1939ರ ವರೆಗೆ ಆ ಪೀಠದಲ್ಲಿದ್ದರು.

ಸೋತ ಮೇಲೆ ಈಡಿತ್ ಮನೆ ಹಿಡಿದು ಕೂರಲಿಲ್ಲ. 1925ರಲ್ಲಿ ಅಮೆರಿಕದಲ್ಲಿ ನಡೆದ ಅಂತರರಾಷ್ಟ್ರೀಯ ಮಹಿಳಾ ಸಮ್ಮೇಳನಕ್ಕೆ ಪ್ರತಿನಿಧಿಯಾಗಿ ಹೋದರು. 1926ರಲ್ಲಿ ರಾಜ್ಯದ ಇತಿಹಾಸ ಸಂಘವನ್ನು ಕಟ್ಟಲು ನೆರವಾದರು. ಅವರ ಹಿಂದೆಯೇ 1925ರಲ್ಲಿ ಲೇಬರ್ ಪಕ್ಷದ ಮೇ ಹಾಲ್ಮನ್ ಅದೇ ಸಭೆಗೆ ಬಂದಿದ್ದರು. ಆಸ್ಟ್ರೇಲಿಯಾದ ಕೇಂದ್ರ ಪಾರ್ಲಿಮೆಂಟಿಗೆ ಮಹಿಳೆ ಕಾಲಿಡಲು ಮಾತ್ರ 1943 ಬರಬೇಕಾಯಿತು. ಎಲ್ಲರಿಗಿಂತ ಮೊದಲು, 1894ರಲ್ಲೇ, ಸ್ಪರ್ಧಿಸುವ ಹಕ್ಕನ್ನೂ ಕೊಟ್ಟ ದಕ್ಷಿಣ ಆಸ್ಟ್ರೇಲಿಯಾ ರಾಜ್ಯ ಮಹಿಳೆಯನ್ನು ಆರಿಸಿದ್ದು 1959ರಲ್ಲಿ.

1932ರ ಜೂನ್ 9ರಂದು, 70ನೆಯ ವಯಸ್ಸಿನಲ್ಲಿ, ಈಡಿತ್ ತೀರಿಕೊಂಡರು. ಕರಕಟ್ಟ ಸ್ಮಶಾನದಲ್ಲಿ ಅವರ ಸಮಾಧಿ ಇದೆ. ಮೊಮ್ಮಗ, ಲೇಖಕ ಪೀಟರ್ ಕೌವನ್, 1978ರಲ್ಲಿ ಅವರ ಜೀವನಚರಿತ್ರೆ ಪ್ರಕಟಿಸಿದರು. ಪರ್ತ್‌ನ ಉತ್ತರದ ಬಡಾವಣೆಗಳಲ್ಲಿ 1984ರಲ್ಲಿ ರಚನೆಯಾದ ಕೇಂದ್ರ ಪಾರ್ಲಿಮೆಂಟಿನ ಕ್ಷೇತ್ರವೊಂದಕ್ಕೆ ಕೌವನ್ ಎಂದೇ ಹೆಸರಿಟ್ಟರು. 1991ರಲ್ಲಿ ವಿಶ್ವವಿದ್ಯಾಲಯವೊಂದಕ್ಕೂ ಅದೇ ಹೆಸರಾಯಿತು. 50 ಡಾಲರಿನ ನೋಟಿನ ಮೇಲೆ ಮುಖ ಬಂದದ್ದು 1995ರಲ್ಲಿ. ವೆಸ್ಟ್ ಪರ್ತ್ ಎಂಬ ವಿಧಾನಸಭಾ ಕ್ಷೇತ್ರ ಈಗಿಲ್ಲ, 1960ರ ದಶಕದ ಆರಂಭದ ಮರುವಿಂಗಡಣೆಯಲ್ಲಿ ಅಳಿದುಹೋಯಿತು.

ತೀರಿಕೊಂಡ ಎರಡು ವರ್ಷಕ್ಕೆ ಗೆಳತಿಯರೂ ಅಭಿಮಾನಿಗಳೂ ಸೇರಿ ಒಂದು ಗಡಿಯಾರದ ಗೋಪುರ ಕಟ್ಟಿಸಿದರು. ಕಿಂಗ್ಸ್ ಪಾರ್ಕಿನೊಳಗೆ ಅದಕ್ಕೆ ಜಾಗ ಕೊಡಲು ಉದ್ಯಾನದ ಮಂಡಳಿ ಒಪ್ಪಲಿಲ್ಲ. ಹಾಗಾಗಿ ಹೆಬ್ಬಾಗಿಲಿನ ಹೊರಗೆ, ದಾರಿಗಳು ಕೂಡುವಲ್ಲಿ ಎಬ್ಬಿಸಿದರು. ಉದ್ಯಾನಕ್ಕೆ ಹೋಗುವ ವಾಹನಗಳೆಲ್ಲ ಅದಕ್ಕೊಂದು ಸುತ್ತು ಬಂದೇ ಒಳಗೆ ಹೋಗಬೇಕು.