ಕಾಲ್ಚೆಂಡಿನ ಉಪಾಧ್ಯಾಯ ರಹೀಂ ಸಾಹೇಬರು

ದೊಡ್ಡ ಪಂದ್ಯಗಳನ್ನು ನೋಡುವವರು ಲಕ್ಷಗಟ್ಟಲೆ ಇರುತ್ತಾರೆ. ಸಣ್ಣ ಪಂದ್ಯಗಳನ್ನು ನೋಡುವವರು ಬಹಳ ಕಡಿಮೆ. ಒಂದು ಮೊಹಲ್ಲಾದ ಕ್ಲಬ್ಬು ಇನ್ನೊಂದು ಮೊಹಲ್ಲಾದ ಕ್ಲಬ್ಬಿನೊಡನೆ ಧೂಳೆದ್ದ ಬಯಲಿನಲ್ಲಿ ಆಡುತ್ತಿರುವಾಗ, ಬಿಸಿಲನ್ನು ಲೆಕ್ಕಿಸದೆ ಗೆರೆಯ ಪಕ್ಕದಲ್ಲಿ ನಿಂತು, ಒಬ್ಬೊಬ್ಬ ಹುಡುಗನ ಓಟವನ್ನೂ ಒದೆತವನ್ನೂ ಮನಸ್ಸಿನಲ್ಲಿ ಬರೆದಿಟ್ಟುಕೊಳ್ಳುವವರು ಎಲ್ಲಿಯೋ ಒಬ್ಬಿಬ್ಬರು. ನಮ್ಮ ಹೈದರಾಬಾದು ನಗರದಲ್ಲಿ ಅಂಥವರೊಬ್ಬರಿದ್ದರು. ಅವರ ಪೂರ್ಣ ಹೆಸರು ಸೈಯದ್ ಅಬ್ದುಲ್ ರಹೀಂ. ಊರಿನವರಿಗೆ ಅವರು ರಹೀಂ ಸಾಹೇಬರು.

ಭಾರತದ ಕಾಲ್ಚೆಂಡಿನ ತಂಡವು ಏಷ್ಯಾದ ಕ್ರೀಡೆಗಳಲ್ಲಿ ಚಿನ್ನದ ಪದಕವನ್ನು ಗೆದ್ದಿರುವುದು ಎರಡೇ ಸಲ: ೧೯೫೧ರಲ್ಲಿ ದೆಹಲಿಯಲ್ಲಿ, ೧೯೬೨ರಲ್ಲಿ ಜಕಾರ್ತದಲ್ಲಿ. ಎರಡು ಸಲವೂ ತಂಡಕ್ಕೆ ಶಿಕ್ಷಣ ಕೊಟ್ಟವರು ಈ ಮಹನೀಯರೇ. ಅವರು ಸೈನ್ಯಾಧಿಕಾರಿಯಲ್ಲ, ವಿಲಾಯತಿಯಿಂದ ಬಂದ ತಜ್ಞರೂ ಅಲ್ಲ. ಮಕ್ಕಳಿಗೆ ಪಾಠ ಹೇಳುತ್ತಿದ್ದ ಶಾಲಾ ಉಪಾಧ್ಯಾಯರು. ಅದರಲ್ಲಿಯೂ, ಕನ್ನಡದ ಮನೆಗಳು ಹಲವಿರುವ ಕಾಚಿಗೂಡದ ಮಾಧ್ಯಮಿಕ ಶಾಲೆಯಲ್ಲಿ ಕೆಲವು ಕಾಲ ಕೆಲಸ ಮಾಡಿದವರು ಎಂಬುದನ್ನು ನಮ್ಮ ವಿದ್ಯಾರ್ಥಿಗಳಲ್ಲಿ ಎಷ್ಟು ಮಂದಿ ಬಲ್ಲರೋ!

ರಹೀಂ ಸಾಹೇಬರು ೧೯೦೯ನೆಯ ಇಸವಿ ಆಗಸ್ಟ್ ೧೭ರಂದು ಹೈದರಾಬಾದಿನಲ್ಲಿ ಜನಿಸಿದರು. ಓದಿದ್ದು ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ. ೧೯೧೮ರಲ್ಲಿ ಸ್ಥಾಪಿತವಾದ ಆ ವಿದ್ಯಾಪೀಠದಲ್ಲಿ ಆಗ ಉನ್ನತ ಶಿಕ್ಷಣವೆಲ್ಲ ಉರ್ದುವಿನಲ್ಲಿಯೇ ನಡೆಯುತ್ತಿತ್ತು. ವಿಜ್ಞಾನವಿರಲಿ, ಕಾಯಿದೆಯಿರಲಿ, ದೇಶಭಾಷೆಯಲ್ಲಿಯೇ ಕಲಿಯಬಹುದಾಗಿತ್ತು. ಕನ್ನಡದಲ್ಲಿ ಓದುತ್ತಿರುವ ನಮಗೆ ಇದು ಆಪ್ತವಾದ ಸಂಗತಿ. ವಿಶ್ವವಿದ್ಯಾಲಯದ ತಂಡದಲ್ಲಿ ರಹೀಂ ಸಾಹೇಬರು ಚೆನ್ನಾಗಿಯೇ ಆಡಿದರು. ಅನಂತರ ವಿಶ್ವವಿದ್ಯಾಲಯದ ಹಳೆಯ ಹೊಸ ಆಟಗಾರರು ಕೂಡಿ ಕಟ್ಟಿಕೊಂಡಿದ್ದ 'ಇಲೆವನ್ ಹಂಟರ್ಸ್' ಎಂಬ ಕ್ಲಬ್ಬಿನಲ್ಲಿಯೂ ಆಡಿದರು. ಆದರೆ ಆಡುವುದಕ್ಕಿಂತ ಆಟವನ್ನು ನೋಡುವುದರಲ್ಲಿ, ನೋಡಿದುದನ್ನು ಚಿಂತಿಸುವುದರಲ್ಲಿ, ಅವರ ಬುದ್ಧಿಯು ಹೆಚ್ಚು ಹರಿಯುತ್ತಿದ್ದಿತು.

ಪದವೀಧರರಾದ ಮೇಲೆ ಅವರು ಉಪಾಧ್ಯಾಯ ವೃತ್ತಿಯನ್ನು ಹಿಡಿದರು. ಕಾಚಿಗೂಡದ ಶಾಲೆ, ಉರ್ದು ಷರೀಫ್ ಶಾಲೆ, ದಾರುಲ್ ಉಲೂಮ್ ಪ್ರೌಢಶಾಲೆ, ಚಾದರಘಾಟ್ ಪ್ರೌಢಶಾಲೆ, ಹೀಗೆ ಒಂದಾದ ಮೇಲೊಂದರಲ್ಲಿ ಸೇವೆ ಸಲ್ಲಿಸಿದರು. ನಡುವೆ ವ್ಯಾಯಾಮ ಶಿಕ್ಷಣದಲ್ಲಿ ಡಿಪ್ಲೊಮಾ ಪಡೆದು, ಕೊನೆಯ ಎರಡು ಶಾಲೆಗಳಲ್ಲಿ ಆಟಪಾಟಗಳ ಮೇಲ್ವಿಚಾರಣೆಯನ್ನೂ ವಹಿಸಿಕೊಂಡರು. ೧೯೪೩ರಲ್ಲಿ ಹೈದರಾಬಾದು ಫುಟ್‌ಬಾಲ್ ಸಂಸ್ಥೆಯ ಕಾರ್ಯದರ್ಶಿಯಾಗಿ ಆಯ್ಕೆಯಾದರು. ಕೊನೆಯವರೆಗೂ ಆ ಹೊಣೆ ಅವರದೇ.

ಕಾರ್ಯದರ್ಶಿಯೆಂದರೆ ಕಾಗದಪತ್ರಗಳನ್ನು ಬರೆದು ಸಹಿ ಹಾಕುವವನು ಎಂಬ ಭಾವನೆ ಸಾಮಾನ್ಯ. ರಹೀಂ ಸಾಹೇಬರು ಆ ಕೆಲಸವನ್ನು ಬೇರೆ ರೀತಿಯಾಗಿ ತಿಳಿದರು. ದೊಡ್ಡ ತಂಡ ಬೇಕಾದರೆ ಸಣ್ಣ ಪಂದ್ಯಗಳು ಹೆಚ್ಚಾಗಬೇಕೆಂದು ಬಗೆದು ಊರಿನ ಲೀಗನ್ನು ಕ್ರಮಪಡಿಸಿದರು. ಅಷ್ಟೇ ಅಲ್ಲ, ಬಾಲಕರಿಗಾಗಿ ಅವರು ಏರ್ಪಡಿಸಿದ ಸ್ಪರ್ಧೆಗಳು ವಿಚಿತ್ರವಾಗಿದ್ದವು. ಒಂದು ಪಂದ್ಯಾವಳಿಯಲ್ಲಿ ಚೆಂಡನ್ನು ಕಾಲಿನಲ್ಲಿಯೇ ಇಟ್ಟುಕೊಂಡು ಎದುರಾಳಿಗಳನ್ನು ವಂಚಿಸಿ ಓಡುವುದಕ್ಕೆ ನಿಷೇಧ. ಬಂದ ಚೆಂಡನ್ನು ತಡಮಾಡದೆ ಜೊತೆಗಾರನಿಗೆ ದಾಟಿಸಲೇಬೇಕು. ಇನ್ನೊಂದರಲ್ಲಿ, ಯಾವ ಕಾಲು ದುರ್ಬಲವೋ ಅದರಿಂದಲೇ ಒದೆಯಬೇಕು. ಮತ್ತೊಂದು ಗಿಡ್ಡ ಹುಡುಗರಿಗಾಗಿಯೇ ಮೀಸಲು. ಬಲಗಾಲಿನ ಹುಡುಗರು ಎಡಗಾಲಿನಿಂದ ಒದೆಯಲು ಹೋಗಿ ಮುಗ್ಗರಿಸುವುದನ್ನು ಕಂಡು ಗೆರೆಯಾಚೆ ನಿಂತವರು ನಕ್ಕಿರಲೂಬಹುದು. ಆದರೆ ಎರಡು ಕಾಲುಗಳಿಂದಲೂ ಸಮನಾಗಿ ಆಡಬಲ್ಲವನನ್ನು ತಡೆಯುವುದು ಎಷ್ಟು ಕಷ್ಟವೆಂಬುದು ಕೆಲವೇ ವರ್ಷಗಳಲ್ಲಿ ಬೊಂಬಾಯಿಗೂ ಕಲ್ಕತ್ತೆಗೂ ತಿಳಿದುಬಂದಿತು.

ಹಾಗೆ ತಿಳಿಸಿಕೊಟ್ಟುದು ಹೈದರಾಬಾದ್ ಸಿಟಿ ಪೊಲೀಸ್ ತಂಡ. ೧೯೪೩ರಲ್ಲಿ ಬೆಂಗಳೂರಿನ ಆಶ್ ಗೋಲ್ಡ್ ಕಪ್ ಪಂದ್ಯಾವಳಿಯಲ್ಲಿ ಬ್ರಿಟಿಷ್ ವಾಯುಪಡೆಯ ತಂಡವನ್ನು ಸೋಲಿಸಿದಾಗಲೇ ಈ ತಂಡದ ಹೆಸರು ದಕ್ಷಿಣದಲ್ಲಿ ಹರಡಿತ್ತು. ಬೆಂಗಳೂರು ಕೂಡ ಆಗ ಕಾಲ್ಚೆಂಡಿನ ದೊಡ್ಡ ಕೇಂದ್ರ. ಬೊಂಬಾಯಿಯ ರೋವರ್ಸ್ ಕಪ್ಪನ್ನು ೧೯೩೭ರಲ್ಲಿ ಗೋರಾ ಪಡೆಗಳ ಕೈಯಿಂದ ಕಸಿದುಕೊಂಡ ಬೆಂಗಳೂರು ಮುಸ್ಲಿಮ್ಸ್ ತಂಡವು ಆ ಊರಿನದೇ. ರಹೀಂ ಸಾಹೇಬರ ಶಿಕ್ಷಣದಲ್ಲಿ ಪಳಗಿದ ಸಿಟಿ ಪೊಲೀಸ್ ತಂಡವು ಆ ರೋವರ್ಸ್ ಕಪ್ಪನ್ನು ೧೯೫೦ರಿಂದ ೧೯೫೪ರವರೆಗೆ ಒಂದು ವರ್ಷವೂ ಬಿಡದೆ ಐದು ಸಲ ಗೆದ್ದಿತು. ೧೯೫೦ರಲ್ಲಿಯೇ, ಸಮಬಲವಾಗಿ ಮುಗಿದು ಮತ್ತೆ ಆಡಿಸಬೇಕಾಗಿ ಬಂದ ಅಂತಿಮ ಪಂದ್ಯದಲ್ಲಿ ಮೋಹನ್ ಬಾಗಾನ್ ತಂಡವನ್ನು ಸೋಲಿಸಿ ಡ್ಯೂರಾಂಡ್ ಕಪ್ಪನ್ನೂ ತಂದಿತು. ಹೊತ್ತು ಮೂಡುವ ಮುನ್ನ ಬಯಲಿಗೆ ಬಂದು ಬೆವರು ಸುರಿಸಿ, ಹಗಲೆಲ್ಲ ಕೆಲಸಕ್ಕೆ ಹೋಗುವ ಪೇದೆಗಳ ತಂಡವಿದು! ಆಗಿನ ಹೈದರಾಬಾದು ಸಂಸ್ಥಾನದಲ್ಲಿ ಗುಲ್ಬರ್ಗ, ರಾಯಚೂರು, ಬೀದರುಗಳೂ ಸೇರಿದ್ದವು. ಆದುದರಿಂದ ಅಲ್ಲಿನ ಕನ್ನಡಿಗರಿಗೂ ಇದು ತಮ್ಮ ರಾಜಧಾನಿಯ ತಂಡವೇ ಆಗಿತ್ತು.

೧೯೫೧ರ ಮಾರ್ಚಿಯಲ್ಲಿ ದೆಹಲಿಯಲ್ಲಿ ಮೊದಲ ಏಷ್ಯಾ ಕ್ರೀಡೆಗಳು ನಡೆದುವು. ರಹೀಂ ಸಾಹೇಬರ ಭಾರತ ತಂಡವು ಅಂತಿಮ ಪಂದ್ಯದಲ್ಲಿ ಇರಾನನ್ನು ಮೇವಾಲಾಲರ ಒಂದೇ ಗೋಲಿನಿಂದ ಸೋಲಿಸಿ ಚಿನ್ನ ಗಳಿಸಿತು. ದೇಶವೆಲ್ಲ ಹಿಗ್ಗಿತು. ಆದರೆ ಮರುವರ್ಷವೇ ಹೆಲ್ಸಿಂಕಿಯ ಒಲಿಂಪಿಕ್ಸಿನಲ್ಲಿ ಯುಗೋಸ್ಲಾವಿಯದ ಎದುರು ನಮ್ಮವರಿಗೆ ಆದ ಅವಮಾನವನ್ನು ಹೇಳದೆ ಬಿಡುವುದು ಸರಿಯಲ್ಲ. ಎದುರಾಳಿಗಳು ಹತ್ತು ಗೋಲು ಹೊಡೆದರು, ನಮ್ಮವರು ಒಂದು. ಫಿನ್ಲೆಂಡಿನ ಚಳಿಯಲ್ಲಿ, ಒದ್ದೆಯಾದ ಹುಲ್ಲಿನ ಮೇಲೆ, ನಮ್ಮ ಆಟಗಾರರಲ್ಲಿ ಹಲವರು ಬರಿಗಾಲಿನಲ್ಲಿ ಆಡಿದ್ದರು. ಬರಿಗಾಲಿನ ಚಮತ್ಕಾರವೆಂದು ನಾವು ಹೆಮ್ಮೆಪಡುತ್ತಿದ್ದುದು ಅಂದಿಗೆ ಮುಗಿಯಿತು. ಆಮೇಲೆ ಬೂಟು ಹಾಕಿ ಆಡುವುದು ಕಡ್ಡಾಯವಾಯಿತು.

ಬೂಟು ತೊಡಿಸಿದ ಮಾತ್ರಕ್ಕೆ ಸಾಲದೆಂಬುದು ರಹೀಂ ಸಾಹೇಬರಿಗೆ ಗೊತ್ತಿತ್ತು. ಆಗ ನಮ್ಮ ದೇಶದಲ್ಲಿ ತಂಡಗಳು ಬಹುಮಟ್ಟಿಗೆ ಹಳೆಯ ವ್ಯೂಹದಲ್ಲಿಯೇ ನಿಲ್ಲುತ್ತಿದ್ದುವು: ಹಿಂದೆ ಇಬ್ಬರು, ನಡುವೆ ಮೂವರು, ಮುಂದೆ ಐವರು. ಎದುರಾಳಿಯ ನಡುಮುಂದಾಳು ನುಗ್ಗಿದನೆಂದರೆ ಹಿಂದಿನ ಇಬ್ಬರ ನಡುವೆ ಹೆಬ್ಬಾಗಿಲು ತೆರೆದಂತೆಯೇ. ರಹೀಂ ಸಾಹೇಬರು ಮೂರನೆಯ ಕಾವಲುಗಾರನನ್ನು ಹಿಂದಕ್ಕೆ ತಂದು ನಿಲ್ಲಿಸಿದರು. ಮುಂದಿನ ಸಾಲಿನ ನಡುವಿನವನನ್ನು ಸ್ವಲ್ಪ ಹಿಂದೆಳೆದು, ಅವನ ಹಿಂದೆ ಎದುರಾಳಿಯ ಕಾವಲುಗಾರನೂ ಸ್ಥಳ ಬಿಟ್ಟು ಬರುವಂತೆ ಮಾಡಿದರು. ಯುರೋಪಿನಲ್ಲಿ ಹಂಗೇರಿಯವರು ಜಗತ್ತನ್ನು ಬೆರಗುಗೊಳಿಸಿದ ಉಪಾಯವೂ ಇದೇ. ದೂರದ ಪಂದ್ಯಗಳ ವಿಚಾರವನ್ನು ಓದಿ, ಕೇಳಿ, ಕಂಡು, ಅದನ್ನು ತಮ್ಮ ಹುಡುಗರ ಕಾಲಿಗೆ ಒಗ್ಗುವಂತೆ ತಿದ್ದುವುದು ಈ ಉಪಾಧ್ಯಾಯರ ಕ್ರಮ.

ಇಲ್ಲಿ ತುಳಸೀದಾಸ ಬಲರಾಮರ ವಿಷಯವನ್ನು ಸ್ವಲ್ಪ ಹೇಳಬೇಕು. ನನ್ನ ಮಟ್ಟಿಗೆ ರಹೀಂ ಸಾಹೇಬರ ಬಾಳಿನಲ್ಲಿ ಪದಕಗಳಿಗಿಂತ ಸೊಗಸಾದ ಸಂಗತಿಯಿದು. ಸಿಕಂದರಾಬಾದಿನ ಹೊರವಲಯದ ಅಮ್ಮುಗೂಡದಲ್ಲಿ ಬಡ ಕುಟುಂಬವೊಂದರಲ್ಲಿ ಹುಟ್ಟಿದ ಬಾಲಕ ಬಲರಾಮ. ಬೂಟು ಕೊಳ್ಳುವುದಕ್ಕೆ ಹಣವಿರಲಿಲ್ಲ. ಅವನು ಸ್ಥಳೀಯ ಪಂದ್ಯವೊಂದರಲ್ಲಿ ಆಡುತ್ತಿದ್ದಾಗ ರಹೀಂ ಸಾಹೇಬರ ಕಣ್ಣಿಗೆ ಬಿದ್ದನು. ಶಿಬಿರಕ್ಕೆ ಬರಬೇಕೆಂದು ಅವರು ಕರೆದರು. ನಿತ್ಯವೂ ಅಷ್ಟು ದೂರ ಬರುವುದಾದರೂ ಹೇಗೆ? ಬಾಡಿಗೆಯ ಸೈಕಲ್ಲಿಗೆ ರಹೀಂ ಸಾಹೇಬರೇ ತಮ್ಮ ಕೈಯಿಂದ ಹಣ ಕೊಟ್ಟರೆಂದು ಬಲರಾಮರು ಮುಂದೆ ನೆನೆಯುತ್ತಿದ್ದರು. ಆ ಸೈಕಲ್ಲಿನ ಹುಡುಗನು ಇಪ್ಪತ್ತರ ಪ್ರಾಯದಲ್ಲಿ ಒಲಿಂಪಿಕ್ ಆಟಗಾರನಾದನು. ೧೯೬೦ರ ರೋಮ್ ಒಲಿಂಪಿಕ್ಸಿನಲ್ಲಿ ಹಂಗೇರಿಯ ಮೇಲೆಯೂ ಪೆರುವಿನ ಮೇಲೆಯೂ ಗೋಲು ಹೊಡೆದನು. ಅಂದು ಆ ಸಣ್ಣ ಪಂದ್ಯವನ್ನು ನೋಡಲು ರಹೀಂ ಸಾಹೇಬರು ಹೋಗದಿದ್ದರೆ?

೧೯೫೬ರ ಮೆಲ್ಬೋರ್ನ್ ಒಲಿಂಪಿಕ್ಸಿಗೆ ಹೊರಟ ಭಾರತ ತಂಡದಲ್ಲಿ ಬಲರಾಮರಲ್ಲದೆ ಅಜೀಜುದ್ದೀನ್, ನೂರ್ ಮಹಮ್ಮದ್, ಜುಲ್ಫಿಕಾರುದ್ದೀನ್, ಅಹಮದ್ ಹುಸೇನ್ ಮುಂತಾದ ಹೈದರಾಬಾದಿನವರಿದ್ದರು. ಮೈಸೂರಿನ ಕಡೆಯಿಂದ ಕೆಂಪಯ್ಯನವರಿದ್ದರು. ಹಂಗೇರಿಯವರು ಬಾರದೆ ಹೋದುದರಿಂದ ಮೊದಲ ಸುತ್ತು ಆಡದೆಯೇ ದಾಟಿತು. ಆದರೆ ಆಸ್ಟ್ರೇಲಿಯವನ್ನು ಅವರ ನೆಲದಲ್ಲಿಯೇ ನಾಲ್ಕಕ್ಕೆ ಎರಡು ಗೋಲುಗಳಿಂದ ಸೋಲಿಸಿದುದು ಅದೃಷ್ಟದ ಆಟವಲ್ಲ. ನೆವಿಲ್ ಡಿಸೋಜ ಒಬ್ಬರೇ ಮೂರು ಗೋಲು ಹೊಡೆದರು. ಒಲಿಂಪಿಕ್ ಕಾಲ್ಚೆಂಡಿನ ಉಪಾಂತ್ಯಕ್ಕೆ ಏಷ್ಯಾದ ತಂಡವೊಂದು ಏರಿದ್ದು ಅದೇ ಮೊದಲು. ಅಲ್ಲಿ ಎದುರಾದುದು ಮತ್ತೆ ಯುಗೋಸ್ಲಾವಿಯ. ವಿರಾಮದ ನಂತರ ನೆವಿಲರ ಗೋಲಿನಿಂದ ಭಾರತವೇ ಮುಂದಾಯಿತು. ಆ ಕ್ಷಣದಲ್ಲಿ ಹೆಲ್ಸಿಂಕಿಯ ಗಾಯವು ಮಾಯಿತೆಂದೇ ತೋರಿರಬೇಕು. ಆದರೆ ಎದುರಾಳಿಗಳು ಅನಂತರ ನಾಲ್ಕು ಗೋಲು ಹೊಡೆದರು. ಮೂರನೆಯ ಸ್ಥಾನದ ಪಂದ್ಯವನ್ನು ಬಲ್ಗೇರಿಯ ಗೆದ್ದಿತು. ಭಾರತಕ್ಕೆ ನಾಲ್ಕನೆಯ ಸ್ಥಾನ. ಅದಕ್ಕಿಂತ ಮೇಲಿನ ಸ್ಥಾನವು ಒಲಿಂಪಿಕ್ಸಿನಲ್ಲಿ ನಮ್ಮ ಕಾಲ್ಚೆಂಡಿಗೆ ಆಮೇಲೆಯೂ ದೊರೆತಿಲ್ಲ.

ಸಂತೋಷ್ ಟ್ರೋಫಿಯನ್ನು ಹೈದರಾಬಾದು ೧೯೫೬-೫೭ರಲ್ಲಿಯೂ ೧೯೫೭-೫೮ರಲ್ಲಿಯೂ ಗೆದ್ದಿತು. ಅಷ್ಟು ಹೊತ್ತಿಗೆ ಸಂಸ್ಥಾನವು ಭಾಷಾವಾರು ಹಂಚಿಹೋಗಿ, ಕನ್ನಡ ಜಿಲ್ಲೆಗಳು ಮೈಸೂರಿಗೆ ಸೇರಿದ್ದವು. ನಗರದ ಹಲವು ಉತ್ತಮ ಆಟಗಾರರನ್ನು ಕಲ್ಕತ್ತೆಯ ಕ್ಲಬ್ಬುಗಳು ಸೆಳೆದುಕೊಂಡವು. ಬಲರಾಮರೂ ಈಸ್ಟ್ ಬೆಂಗಾಲ್ ಸೇರಿದರು. ರಹೀಂ ಸಾಹೇಬರು ಮಾತ್ರ ಊರು ಬಿಡದೆ, ಮುಂದಿನ ಸಾಲಿನ ಹುಡುಗರನ್ನು ಹುಡುಕುತ್ತಲೇ ಇದ್ದರು.

೧೯೬೨ರ ವೇಳೆಗೆ ಅವರ ಆರೋಗ್ಯವು ಕೆಟ್ಟಿತ್ತು. ಸಿಗರೇಟು ಬಿಡಲಾರದ ಅಭ್ಯಾಸ. ಕ್ಯಾನ್ಸರು ಒಳಗೊಳಗೇ ಅವರನ್ನು ತಿನ್ನುತ್ತಿತ್ತು. ಆ ಸ್ಥಿತಿಯಲ್ಲಿಯೇ ತಂಡವನ್ನು ಜಕಾರ್ತಕ್ಕೆ ಕರೆದೊಯ್ದರು. ಮೊದಲ ಪಂದ್ಯದಲ್ಲಿಯೇ ದಕ್ಷಿಣ ಕೊರಿಯದ ಎದುರು ಎರಡು ಗೋಲುಗಳ ಸೋಲು. ಥಾಯ್ಲೆಂಡನ್ನೂ ಜಪಾನನ್ನೂ ಗೆದ್ದು ಮುಂದೆ ಸಾಗಿದರೂ, ಹಿಂದಿನ ಸಾಲಿನ ಬಲಸ್ತಂಭವಾಗಿದ್ದ ಜರ್ನೈಲ್ ಸಿಂಗರಿಗೆ ಥಾಯ್ಲೆಂಡಿನ ಪಂದ್ಯದಲ್ಲಿ ತಲೆಗೆ ಏಟು ಬಿದ್ದು ಹೊಲಿಗೆ ಹಾಕಬೇಕಾಯಿತು. ಬೇರೆ ಯಾರಾದರೂ ಆಗಿದ್ದರೆ ಅವರನ್ನು ಕೂರಿಸಿಬಿಡುತ್ತಿದ್ದರು. ರಹೀಂ ಸಾಹೇಬರು ಹಾಗೆ ಮಾಡದೆ ಅವರನ್ನು ಹಿಂದಿನ ಸಾಲಿನಿಂದ ಎತ್ತಿ ಮುಂದಿನ ಸಾಲಿನ ನಡುವೆ ನಿಲ್ಲಿಸಿದರು! ದಕ್ಷಿಣ ವಿಯಟ್ನಾಮಿನೊಡನೆ ನಡೆದ ಉಪಾಂತ್ಯವನ್ನು ಭಾರತ ಮೂರಕ್ಕೆ ಎರಡು ಗೋಲುಗಳಿಂದ ಗೆದ್ದಿತು.

ಅಂತಿಮ ಪಂದ್ಯವು ಸೆಪ್ಟೆಂಬರ್ ೪ರಂದು, ಮತ್ತೆ ಕೊರಿಯದೊಡನೆಯೇ. ಇಸ್ರೇಲ್ ಮತ್ತು ತೈವಾನ್ ದೇಶದವರನ್ನು ಇಂಡೊನೇಷಿಯವು ಕ್ರೀಡೆಗಳಿಗೆ ಸೇರಿಸದಿದ್ದುದನ್ನು ಭಾರತದ ಅಧಿಕಾರಿಯೊಬ್ಬರು ಟೀಕಿಸಿದ್ದರಿಂದ ಊರಿನ ಜನ ನಮ್ಮವರ ಮೇಲೆ ಮುನಿದಿದ್ದರು. ಸುಮಾರು ಒಂದು ಲಕ್ಷ ಪ್ರೇಕ್ಷಕರಿದ್ದ ಕ್ರೀಡಾಂಗಣದಲ್ಲಿ ಭಾರತದ ಆಟಗಾರರಿಗೆ ಕೂಗಾಟವೇ ಸ್ವಾಗತ. ಆ ಜನಸಾಗರದ ನಡುವೆ ಭಾರತಕ್ಕೆ ಹುರುಪು ತುಂಬಿ ಕೂಗುತ್ತಿದ್ದವರು ಯಾರು? ಪಾಕಿಸ್ತಾನದ ಹಾಕಿ ಆಟಗಾರರು! ಮೈದಾನದ ಹೊರಗೆ ಎಂಥ ಜಗಳವಿದ್ದರೂ ಒಳ್ಳೆಯ ಆಟವನ್ನು ಮೆಚ್ಚುವ ಕಣ್ಣುಗಳು ಇದ್ದೇ ಇರುತ್ತವೆ. ಹಿಂದಿನ ರಾತ್ರಿ ರಹೀಂ ಸಾಹೇಬರು ತಮ್ಮ ಹುಡುಗರನ್ನು ಕರೆದು, ನಾಳೆ ಚಿನ್ನವನ್ನು ತಮಗೆ ಕಾಣಿಕೆಯಾಗಿ ಕೊಡಬೇಕೆಂದು ಬೇಡಿದರಂತೆ.

ಹದಿನೇಳನೆಯ ನಿಮಿಷದಲ್ಲಿ ಪಿ. ಕೆ. ಬ್ಯಾನರ್ಜಿಯವರು ಗೋಲು ಹೊಡೆದರು. ಮೂರು ನಿಮಿಷಗಳ ಮೇಲೆ, ತಲೆಗೆ ಪಟ್ಟಿ ಕಟ್ಟಿದ್ದ ಜರ್ನೈಲ್ ಸಿಂಗರು ಎರಡನೆಯದನ್ನು ಹೊಡೆದರು. ಜ್ವರದಿಂದ ಎದ್ದು ಬಂದಿದ್ದ ಪೀಟರ್ ತಂಗರಾಜರು ಗೋಲಿನ ಮುಂದೆ ಗೋಡೆಯಂತೆ ನಿಂತರು. ಕೊರಿಯಕ್ಕೆ ದಕ್ಕಿದ್ದು ಕೊನೆಯ ಹೊತ್ತಿನಲ್ಲಿ ಒಂದೇ ಗೋಲು. ನಾಯಕ ಚುನಿ ಗೋಸ್ವಾಮಿಯವರ ತಂಡವು ಬೇಡಿದ ಕಾಣಿಕೆಯನ್ನು ಗುರುವಿಗೆ ಸಲ್ಲಿಸಿತು.

ಮುಂದಿನ ಬೇಸಗೆಯು ಕಳೆಯುವಷ್ಟರಲ್ಲಿ, ೧೯೬೩ರ ಜೂನ್ ೧೧ರಂದು, ರಹೀಂ ಸಾಹೇಬರು ತೀರಿಕೊಂಡರು. ಆಗ ಅವರಿಗೆ ಐವತ್ನಾಲ್ಕು ತುಂಬಿರಲಿಲ್ಲ. ಅವರ ಪುತ್ರ ಎಸ್. ಎಸ್. ಹಕೀಮರು ರೋಮ್ ಒಲಿಂಪಿಕ್ ತಂಡದಲ್ಲಿದ್ದವರು; ಮುಂದೆ ಅಂತರರಾಷ್ಟ್ರೀಯ ಪಂದ್ಯಗಳ ತೀರ್ಪುಗಾರರೂ ಆದರು. ಬಾಡಿಗೆ ಸೈಕಲ್ಲಿನ ಬಲರಾಮರು ೨೦೨೩ರ ಫೆಬ್ರವರಿಯವರೆಗೆ ಬದುಕಿದ್ದರು. ರಹೀಂ ಸಾಹೇಬರ ಕತೆಯು ೨೦೨೪ರಲ್ಲಿ ಹಿಂದಿಯ ಚಲಚ್ಚಿತ್ರವಾಗಿ ಬಂದುದರಿಂದ ಜಕಾರ್ತದ ಗೆಲುವು ಹೊಸ ತಲೆಮಾರಿಗೂ ಪರಿಚಯವಾಯಿತು. ಜಕಾರ್ತದ ಅನಂತರ ೨೦೨೩ರ ಹಾಂಗ್‌ಜೌ ಕ್ರೀಡೆಗಳವರೆಗೂ ಏಷ್ಯಾ ಕ್ರೀಡೆಗಳ ಕಾಲ್ಚೆಂಡಿನ ಚಿನ್ನವು ಭಾರತಕ್ಕೆ ಮತ್ತೆ ಬರಲಿಲ್ಲ. ಎಡಗಾಲಿನಿಂದ ಮಾತ್ರ ಒದೆಯಬೇಕೆಂಬ ಬಾಲಕರ ಪಂದ್ಯಾವಳಿಯು ಈಗ ನಮ್ಮ ನಗರದ ಯಾವ ಬಯಲಿನಲ್ಲಿಯೂ ನನ್ನ ಕಣ್ಣಿಗೆ ಬಿದ್ದಿಲ್ಲ.